ಕಟ್ಟಿದ ಉಸಿರಿಗೆ ಕಿತ್ತಳೆ ಸಿಪ್ಪೆ

(ಚೀನಾದ ಪಾರಂಪರಿಕ ವೈದ್ಯದಲ್ಲಿ ‘ಚಿ’ಯನ್ನು ಹದಗೊಳಿಸುವ ಮೂಲಿಕೆಗಳನ್ನು ಕುರಿತ ಉಪನ್ಯಾಸದ ಬರಹರೂಪ)



ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿದರೆ ನಮ್ಮಲ್ಲಿ ‘ವಾಯು ಆಗಿದೆ’ ಎನ್ನುತ್ತಾರೆ. ಒಂದು ಚಿಟಿಕೆ ಓಮವನ್ನು ಎರಡು ಹರಳು ಉಪ್ಪಿನ ಜೊತೆ ಅಗಿದು, ಮೇಲೊಂದು ಲೋಟ ಬಿಸಿನೀರು ಕುಡಿದರೆ ತೇಗು ಬರುತ್ತದೆ. ತೇಗು ಬಂದರೆ ಸಮಾಧಾನ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮನೆಗಳಲ್ಲಿ ಇದೇ ತೊಂದರೆಗೆ ಡಬ್ಬಿಯಿಂದ ಒಂದು ಚೂರು ಒಣ ಕಿತ್ತಳೆ ಸಿಪ್ಪೆ ಹೊರಬರುತ್ತದೆ. ವರ್ಷಗಟ್ಟಲೆ ಇಟ್ಟು ಕಂದು ಬಣ್ಣಕ್ಕೆ ತಿರುಗಿದ ಸಿಪ್ಪೆ ಅದು. ಅದನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಾರೆ. ಅಲ್ಲಿಯವರ ಮಾತಿನಲ್ಲಿ ಹೊಟ್ಟೆಯೊಳಗೆ ಕಟ್ಟಿಕೊಂಡಿರುವುದು ‘ಚಿ’.

ಈ ‘ಚಿ’ ನಮ್ಮ ಬೈಗುಳದ ‘ಛೀ’ ಅಲ್ಲ. ಚೀನೀ ಭಾಷೆಯಲ್ಲಿ ಇದಕ್ಕೆ ಗಾಳಿ, ಉಸಿರು, ಹಬೆ ಎಂಬ ಅರ್ಥಗಳೆಲ್ಲ ಇವೆ. ಹಳೆಯ ಲಿಪಿಯಲ್ಲಿ ಈ ಅಕ್ಷರವನ್ನು ಬರೆಯುವಾಗ ಮೇಲೆ ಆವಿಯ ಗುರುತು, ಕೆಳಗೆ ಅಕ್ಕಿಯ ಗುರುತು ಇರುತ್ತದೆ. ಅನ್ನ ಬೇಯುವಾಗ ಏಳುವ ಹಬೆಯನ್ನು ನೆನೆದರೆ ಅರ್ಥ ಹತ್ತಿರವಾಗುತ್ತದೆ. ಇಂದಿಗೂ ಚೀನೀಯರ ಆಡುಮಾತಿನಲ್ಲಿ ಹವಾಮಾನವೆಂದರೆ ‘ಆಕಾಶದ ಚಿ’. ಸಿಟ್ಟು ಬಂತು ಎನ್ನಲು ‘ಚಿ ಹುಟ್ಟಿತು’ ಎನ್ನುತ್ತಾರೆ. ಹೊರಗಿನ ಗಾಳಿ, ಒಳಗಿನ ಉಸಿರು, ಮನಸ್ಸಿನ ಬಿಸಿ ಮೂರಕ್ಕೂ ಒಂದೇ ಪದ.

ಸುಮಾರು 2,000 ವರ್ಷಗಳ ಹಿಂದೆ ರೂಪುಗೊಂಡ ‘ಹುವಾಂಗ್‌ಡಿ ನೇಜಿಂಗ್’ ಎಂಬ ಗ್ರಂಥ ಚೀನೀ ವೈದ್ಯದ ತಳಹದಿ. ರೋಗಗಳ ಮೂಲವನ್ನು ಅದು ಚಿಯ ಏರುಪೇರಿನಲ್ಲಿ ಕಾಣುತ್ತದೆ. ಕೋಪದಿಂದ ಚಿ ಮೇಲೇರುತ್ತದೆ, ಭಯದಿಂದ ಕೆಳಗಿಳಿಯುತ್ತದೆ, ದುಃಖದಿಂದ ಕರಗುತ್ತದೆ, ಅತಿಯಾದ ಚಿಂತೆಯಿಂದ ಗಂಟು ಬೀಳುತ್ತದೆ ಎಂಬುದು ಅದರ ವಿವರಣೆ. ಚಿಂತೆ ಹೆಚ್ಚಾದಾಗ ಹಸಿವು ಕೆಡುವುದನ್ನು ಕಂಡ ಯಾರಿಗೂ ಈ ಮಾತು ತೀರಾ ಅಪರಿಚಿತವೆನಿಸದು.

ಹೂಳೆತ್ತುವ ಮದ್ದು

ಚೀನೀ ವೈದ್ಯರು ಚಿಯ ತೊಂದರೆಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ಎಣಿಸುತ್ತಾರೆ. ಚಿ ಕಡಿಮೆಯಾಗುವುದು ಒಂದು, ಕುಸಿಯುವುದು ಇನ್ನೊಂದು. ಕಟ್ಟಿಕೊಳ್ಳುವುದು ಮೂರನೆಯದು, ಕೆಳಗಿಳಿಯಬೇಕಾದದ್ದು ತಿರುಗಿ ಮೇಲೇರುವುದು ನಾಲ್ಕನೆಯದು. ನಾಲೆಯ ಹೋಲಿಕೆ ಇಲ್ಲಿ ಒಪ್ಪುತ್ತದೆ. ನಾಲೆಯಲ್ಲಿ ನೀರೇ ಇಲ್ಲದಿದ್ದರೆ ಮೇಲಿನಿಂದ ನೀರು ಬಿಡಬೇಕು. ಜಿನ್‌ಸೆಂಗ್‌ನಂತಹ ಪುಷ್ಟಿಕರ ಬೇರುಗಳ ಕೆಲಸ ಅದು. ನೀರಿದ್ದೂ ಹೂಳಿನಿಂದ ನಿಂತಿದ್ದರೆ ಹೂಳೆತ್ತಬೇಕು. ಆ ಕೆಲಸಕ್ಕೆ ಇರುವ ಮೂಲಿಕೆಗಳ ಗುಂಪಿಗೆ ಚೀನೀ ವೈದ್ಯಗ್ರಂಥಗಳು ‘ಲಿ ಚಿ’ ಮದ್ದುಗಳು ಎನ್ನುತ್ತವೆ. ಚಿಯನ್ನು ಸರಿದಾರಿಗೆ ತರುವ ಮದ್ದುಗಳು ಎಂದರ್ಥ.

ಯಾರಿಗೆ ಈ ಮದ್ದು? ಹೊಟ್ಟೆಯ ಚಿ ಕೆಳಗಿಳಿಯಬೇಕು; ಮೇಲೇರಿದರೆ ತೇಗು, ಬಿಕ್ಕಳಿಕೆ, ವಾಕರಿಕೆ. ಶ್ವಾಸಕೋಶದ ಚಿ ಕಟ್ಟಿದರೆ ಕೆಮ್ಮು, ಏದುಸಿರು. ಯಕೃತ್ತಿನ ಚಿ ಹರಡದಿದ್ದರೆ ಪಕ್ಕೆ ನೋವು, ಮುಟ್ಟಿನ ಏರುಪೇರು, ಸಿಡುಕು. ಇಲ್ಲಿ ಯಕೃತ್ತು ಎಂದರೆ ಇಂದಿನ ಶರೀರಶಾಸ್ತ್ರದ ಅಂಗವಷ್ಟೇ ಅಲ್ಲ, ಒಂದು ಗುಂಪು ಲಕ್ಷಣಗಳಿಗೆ ಕೊಟ್ಟ ಹೆಸರು. ನುಂಗಿದರೂ ಇಳಿಯದ, ಉಗುಳಿದರೂ ಬಾರದ ಏನೋ ಗಂಟಲಲ್ಲಿ ಸಿಕ್ಕಂತಾಗುವ ತೊಂದರೆಯೂ ಇದರಲ್ಲಿ ಸೇರಿದೆ. ಅದನ್ನು ‘ಪ್ಲಮ್ ಹಣ್ಣಿನ ಬೀಜದ ಚಿ’ ಎಂದು ಕರೆದಿದ್ದಾರೆ. ಪರೀಕ್ಷಿಸಿದರೆ ಗಂಟಲಲ್ಲಿ ಏನೂ ಕಾಣದ ಈ ಲಕ್ಷಣವನ್ನು ಆಧುನಿಕ ವೈದ್ಯವೂ ಗುರುತಿಸುತ್ತದೆ.

ಈ ಗುಂಪಿನ ಮೂಲಿಕೆಗಳಲ್ಲಿ ಹೆಚ್ಚಿನವು ಸುವಾಸನೆಯವು. ರುಚಿ ಖಾರ ಅಥವಾ ಕಹಿ, ಗುಣ ಉಷ್ಣ. ಪರಿಮಳ ಹಾರಿಹೋಗಬಾರದೆಂದು ಕಷಾಯವನ್ನು ಬಹಳ ಹೊತ್ತು ಕುದಿಸುವುದಿಲ್ಲ. ದೇಹ ಬಳಲಿದವರಿಗೆ, ಬಾಯಿ ಗಂಟಲು ಒಣಗಿದವರಿಗೆ, ಗರ್ಭಿಣಿಯರಿಗೆ ಇವುಗಳನ್ನು ಎಚ್ಚರದಿಂದ ಕೊಡಬೇಕೆಂದು ಆ ಶಾಸ್ತ್ರವೇ ಹೇಳುತ್ತದೆ. ಹೂಳೆತ್ತುವ ಭರದಲ್ಲಿ ಇದ್ದ ನೀರೂ ಚೆಲ್ಲಿಹೋಗಬಾರದಲ್ಲ!

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ವಿಂಗಡಣೆ ನಡೆದಿರುವುದು ಗಿಡದ ಜಾತಿಯಿಂದಲ್ಲ, ಗಿಡ ಮಾಡುವ ಕೆಲಸದಿಂದ. ಹುಲ್ಲಿನಂಥ ಕಳೆ, ಮರದ ಚೇಗು, ಹಣ್ಣಿನ ಸಿಪ್ಪೆ, ಗುಲಾಬಿಯ ಮೊಗ್ಗು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಈ ಪದ್ಧತಿಯ ಬಲ ಇದರಲ್ಲೇ ಇದೆ. ಅಪಾಯವೂ ಇದರಲ್ಲೇ ಇದೆ.

ಎಳೆಯದು ಚುರುಕು, ಹಳೆಯದು ಸೌಮ್ಯ

ಮೊದಲು ಬಲವನ್ನು ನೋಡೋಣ. ಮ್ಯಾಂಡರಿನ್ ಕಿತ್ತಳೆಯ ಎಳೆಯ ಹಸಿರು ಸಿಪ್ಪೆಯನ್ನು ಒಣಗಿಸಿದರೆ ಅದು ‘ಚಿಂಗ್‌ಪಿ’. ಅದೇ ಕಿತ್ತಳೆ ಹಣ್ಣಾದ ಮೇಲೆ ಸುಲಿದು ಇಟ್ಟ ಸಿಪ್ಪೆ ‘ಚೆನ್‌ಪಿ’. ಮೊದಲನೆಯದು ಚುರುಕು, ಪಕ್ಕೆ ಮತ್ತು ಎದೆಯ ಬಿಗಿತಕ್ಕೆ ಅದನ್ನು ಕೊಡುತ್ತಾರೆ. ಎರಡನೆಯದು ಸೌಮ್ಯ, ಅಜೀರ್ಣಕ್ಕೆ, ಕಫದ ಕೆಮ್ಮಿಗೆ ಸಲ್ಲುತ್ತದೆ. ‘ಚೆನ್’ ಎಂದರೇನೇ ಹಳೆಯದು. ಗ್ವಾಂಗ್‌ಡಾಂಗ್‌ನ ಶಿನ್‌ಹುಯ್ ಪ್ರದೇಶದ ಸಿಪ್ಪೆ ಅತ್ಯುತ್ತಮವೆಂದು ಹೆಸರಾಗಿದೆ. ಅಲ್ಲಿ ಕನಿಷ್ಠ 3 ವರ್ಷ ಇಟ್ಟ ಸಿಪ್ಪೆಗೆ ಮಾತ್ರ ಈ ಹೆಸರು ಸಲ್ಲುತ್ತದೆ. ಹಳೆಯದಾದಷ್ಟೂ ಬೆಲೆ ಹೆಚ್ಚು. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ ಹಳೆ ಅಕ್ಕಿಯನ್ನು ಹುಡುಕುವ ನಮ್ಮ ಮನೆಗಳಿಗೆ, ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ನಮ್ಮ ಅಡುಗೆಮನೆಗಳಿಗೆ ಇದು ಸುಲಭವಾಗಿ ಅರ್ಥವಾಗುವ ಲೆಕ್ಕ.

ಕಹಿ ಕಿತ್ತಳೆಯದ್ದೂ ಇದೇ ಕಥೆ. ಬೇಸಿಗೆಯ ಮೊದಲಲ್ಲಿ ತಾನಾಗಿ ಉದುರಿದ ಎಳೆ ಕಾಯಿ ‘ಜಿಷಿ’. ಅದು ಮಲಬದ್ಧತೆಯನ್ನೂ ಹೊಟ್ಟೆಯ ಬಿಗಿತವನ್ನೂ ಒಡೆಯುವ ಕಟು ಮದ್ದು. ಜುಲೈ ಹೊತ್ತಿಗೆ ಬಲಿತು, ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿ ‘ಜಿಚಿಯಾವ್’. ಅದು ಮೆತ್ತಗಿನ ಮದ್ದು. ‘ಫೊಶೌ’ ಎಂಬ ಇನ್ನೊಂದು ಹಣ್ಣಿದೆ. ಹಳದಿ ಬೆರಳುಗಳಂತೆ ಸೀಳಿಕೊಂಡು ಬೆಳೆಯುವುದರಿಂದ ಅದಕ್ಕೆ ‘ಬುದ್ಧನ ಹಸ್ತ’ ಎಂಬ ಹೆಸರು. ನಮ್ಮ ಮಾದಲ ಹಣ್ಣಿನ ಜಾತಿಯದೇ ಅದು.

ಎಳೆ ಕಾಯಿಯ ಕಟುತನ ಬರಿಯ ನಂಬಿಕೆಯಲ್ಲ. ಕಹಿ ಕಿತ್ತಳೆಯ ಕಾಯಿಯಲ್ಲಿ ಸಿನೆಫ್ರಿನ್ ಎಂಬ ವಸ್ತು ಇದೆ. ಅದು ರಕ್ತದೊತ್ತಡವನ್ನು ಏರಿಸಬಲ್ಲದು. ಅಮೆರಿಕದಲ್ಲಿ 2004ರಲ್ಲಿ ಎಫೆಡ್ರಾ ಮೂಲಿಕೆಯ ಆಹಾರಪೂರಕಗಳನ್ನು ನಿಷೇಧಿಸಿದಾಗ, ತೂಕ ಇಳಿಸುವ ಮಾತ್ರೆಗಳ ತಯಾರಕರು ಅದರ ಜಾಗಕ್ಕೆ ಕಹಿ ಕಿತ್ತಳೆಯ ಸಾರವನ್ನು ತಂದರು. ಹೊಟ್ಟೆಯುಬ್ಬರಕ್ಕೆ ನಾಲ್ಕು ದಿನ ಕುಡಿಯುವ ಕಷಾಯದ ಕಾಯಿ, ಸಾಂದ್ರವಾದ ಮಾತ್ರೆಯ ರೂಪದಲ್ಲಿ ತಿಂಗಳುಗಟ್ಟಲೆ ನುಂಗುವ ವಸ್ತುವಾಯಿತು. ಗಿಡ ಒಂದೇ ಆದರೂ ಪ್ರಮಾಣ ಬೇರೆ, ಉದ್ದೇಶ ಬೇರೆ.

ನಮಗೆ ಗೊತ್ತಿರುವ ಮುಖಗಳು

ಈ ಪಟ್ಟಿಯಲ್ಲಿ ಕನ್ನಡಿಗರಿಗೆ ಪರಿಚಿತ ಮುಖಗಳು ಹಲವಿವೆ. ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರಿ ರೈತನನ್ನು ಗೋಳು ಹೊಯ್ದುಕೊಳ್ಳುವ ತುಂಗೆಗಡ್ಡೆ ಚೀನೀಯರ ‘ಶಿಯಾಂಗ್‌ಫು’. ಕೆಲವೆಡೆ ಕೊನ್ನಾರಿಗಡ್ಡೆ ಎನ್ನುತ್ತಾರೆ, ಆಯುರ್ವೇದದಲ್ಲಿ ಮುಸ್ತಾ. 16ನೆಯ ಶತಮಾನದ ಮಹಾವೈದ್ಯ ಲಿ ಷಿಜೆನ್ (1518-1593) 1,892 ಔಷಧದ್ರವ್ಯಗಳನ್ನು ವಿವರಿಸುವ ‘ಬೆನ್‌ಸಾವ್ ಗಾಂಗ್‌ಮು’ ಎಂಬ ಬೃಹತ್ ಗ್ರಂಥವನ್ನು ರಚಿಸಿದ. ಚಿಯ ತೊಂದರೆಗಳಿಗೂ ಸ್ತ್ರೀರೋಗಗಳಿಗೂ ಇರುವ ಮದ್ದುಗಳಲ್ಲಿ ಅವನು ಈ ಗಡ್ಡೆಗೆ ಅಗ್ರಸ್ಥಾನ ಕೊಟ್ಟ. ಅವನಿಗಿಂತ ಮೊದಲಿನ ಜು ಡಾನ್‌ಶಿ (1281-1358) ಎಂಬ ವೈದ್ಯ, ಮನಸ್ಸಿನ ಕುದಿತದಿಂದ ಕಟ್ಟಿಕೊಂಡ ಚಿಯನ್ನು ಬಿಡಿಸಲು ಐದು ವಸ್ತುಗಳ ಗುಳಿಗೆಯೊಂದನ್ನು ಹೇಳಿದ. ಅದರಲ್ಲೂ ತುಂಗೆಗಡ್ಡೆ ಇದೆ.

ಶ್ರೀಗಂಧವೂ ಈ ಗುಂಪಿನದೇ. ಚೀನೀಯರು ಅದನ್ನು ‘ತಾನ್‌ಶಿಯಾಂಗ್’ ಎನ್ನುತ್ತಾರೆ. ತಣ್ಣಗಾದ ಹೊಟ್ಟೆಯ ನೋವಿಗೂ ಎದೆಯ ಬಿಗಿತಕ್ಕೂ ಬಳಸುತ್ತಾರೆ. ಅಗರು ಮರದ ‘ಚೆನ್‌ಶಿಯಾಂಗ್’ ಬಿಕ್ಕಳಿಕೆಗೂ ಉಬ್ಬಸಕ್ಕೂ ಸಲ್ಲುತ್ತದೆ. ಇನ್ನು ಅಡಿಕೆ! ಮಲೆನಾಡಿನ ಅಂಗಳದಲ್ಲಿ ರಾಶಿ ಬಿದ್ದಿರುವ ಅಡಿಕೆ ಸಿಪ್ಪೆ ಚೀನಾದಲ್ಲಿ ‘ದಾಫೂಪಿ’ ಎಂಬ ಮದ್ದು. ಹೊಟ್ಟೆಯುಬ್ಬರ ಮತ್ತು ಕಾಲಿನ ಬಾವಿಗೆ ಅದನ್ನು ಕೊಡುತ್ತಾರೆ. ಒಳಗಿನ ಅಡಿಕೆಯನ್ನೋ ಬೇರೊಂದು ಗುಂಪಿಗೆ, ಜಂತುಹುಳು ಹೊರಹಾಕುವ ಮದ್ದುಗಳ ಗುಂಪಿಗೆ ಸೇರಿಸಿದ್ದಾರೆ. ಒಂದೇ ಕಾಯಿಯ ಹೊರಗು ಒಂದು ಮದ್ದು, ಒಳಗು ಇನ್ನೊಂದು.

ಹೆಸರೊಂದು, ಬೇರು ಹಲವು

ಇನ್ನು ಅಪಾಯದ ಮಾತು. ಅದನ್ನು ತಿಳಿಯಲು ಒಂದೇ ಹೆಸರಿನ ಹಿಂದೆ ಹೋಗಬೇಕು: ‘ಮೂಶಿಯಾಂಗ್’. ‘ಕಟ್ಟಿಗೆಯ ಪರಿಮಳ’ ಎಂದು ಇದರ ಅರ್ಥ.

ಮೂಲದಲ್ಲಿ ಇದು ಹಿಮಾಲಯದ ಬೇರು. ಆಯುರ್ವೇದದಲ್ಲಿ ಇದರ ಹೆಸರು ಕುಷ್ಠ, ಕಾಶ್ಮೀರದ ಕಡೆ ಕುಠ್. ಅಥರ್ವವೇದದಲ್ಲೇ ಇದರ ಉಲ್ಲೇಖವಿದೆ. ಸುಮಾರು 2,000 ವರ್ಷಗಳ ಹಿಂದೆ ಸಿಂಧೂ ನದಿಯ ಮುಖದಿಂದಲೂ ಇಂದಿನ ಭರೂಚ್‌ನಿಂದಲೂ ಇದು ರೋಮನ್ನರ ಹಡಗುಗಳನ್ನೇರಿ ಪಶ್ಚಿಮಕ್ಕೆ ಹೋಗುತ್ತಿತ್ತು. ಪೂರ್ವದ ಕಡೆ ಚೀನಾದ ಗ್ವಾಂಗ್‌ಜೌ ಬಂದರಿನಲ್ಲಿ ಇಳಿಯುತ್ತಿದ್ದ ಬೇರಿಗೆ ‘ಗ್ವಾಂಗ್ ಮೂಶಿಯಾಂಗ್’ ಎಂಬ ಹೆಸರು ಬಂತು. 20ನೆಯ ಶತಮಾನದಲ್ಲಿ ಅದನ್ನು ಯುನ್ನಾನ್ ಪ್ರಾಂತ್ಯದಲ್ಲೇ ಬೆಳೆಯತೊಡಗಿದಾಗ ಅದು ‘ಯುನ್ ಮೂಶಿಯಾಂಗ್’ ಆಯಿತು. ಇಲ್ಲಿಯವರೆಗೆ ತೊಂದರೆಯಿಲ್ಲ, ಹೆಸರು ಎರಡಾದರೂ ಗಿಡ ಒಂದೇ.

ಆದರೆ ದೂರದಿಂದ ಬರುವ ದುಬಾರಿ ಬೇರಿಗೆ ಬದಲಿ ಹುಡುಕುವುದು ಎಲ್ಲ ದೇಶದ ವ್ಯಾಪಾರದಲ್ಲೂ ಇದ್ದದ್ದೇ. ಸಿಚುವಾನ್ ಬೆಟ್ಟಗಳ ಇನ್ನೊಂದು ಗಿಡದ ಬೇರು ‘ಚುವಾನ್ ಮೂಶಿಯಾಂಗ್’ ಎನಿಸಿತು. ಮತ್ತೊಂದು ಗಿಡದ ಬೇರು ‘ತು ಮೂಶಿಯಾಂಗ್’, ಅಂದರೆ ನಾಡ ಮೂಶಿಯಾಂಗ್. ಇವೆರಡೂ ಸೂರ್ಯಕಾಂತಿಯ ಕುಟುಂಬದವು, ಮೂಲ ಗಿಡದ ನೆಂಟರು. ಇವುಗಳ ಸಾಲಿಗೆ ಬಂದು ಕುಳಿತದ್ದು ‘ಚಿಂಗ್ ಮೂಶಿಯಾಂಗ್’, ಅಂದರೆ ಹಸಿರು ಮೂಶಿಯಾಂಗ್. ಇದಕ್ಕೂ ಕುಷ್ಠಕ್ಕೂ ನೆಂಟಸ್ತಿಕೆಯೇ ಇಲ್ಲ. ಇದು ಅರಿಸ್ಟೊಲೋಕಿಯಾ ಎಂಬ ಬಳ್ಳಿಯ ಬೇರು. ಇದೂ ಪರಿಮಳದ್ದು, ಇದೂ ಹೊಟ್ಟೆನೋವನ್ನು ಶಮನ ಮಾಡುತ್ತದೆ. ಹಾಗಾಗಿ ಚಿಯನ್ನು ಹದಗೊಳಿಸುವ ಮದ್ದುಗಳ ಪಟ್ಟಿಯಲ್ಲಿ ಇದಕ್ಕೂ ಮಣೆ ಹಾಕಲಾಯಿತು.

ಆದರೆ ಈ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು, ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರಿಗೆ ದಾರಿಮಾಡುತ್ತದೆ. ಕುಡಿದ ದಿನ ಹೊಟ್ಟೆನೋವು ನಿಲ್ಲುತ್ತದೆ. ಕೇಡು ತಿಳಿಯುವುದು ಬಹಳ ತಡವಾಗಿ. ನೂರಾರು ವರ್ಷಗಳ ಅನುಭವಕ್ಕೆ ಇದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇಂದು ಕುಡಿದ ಕಷಾಯವನ್ನೂ ಹತ್ತು ವರ್ಷದ ನಂತರದ ರೋಗವನ್ನೂ ಹೊಂದಿಸಿ ನೋಡುವುದು ಯಾವ ಹಳ್ಳಿಯ ವೈದ್ಯನಿಗೂ ಸಾಧ್ಯವಿರಲಿಲ್ಲ.

ಎದೆನೋವಿನ ಗುಳಿಗೆ

ಹೆಸರಿನ ಈ ಗೊಂದಲ ಲೋಕಕ್ಕೆ ತಿಳಿದದ್ದು ಚೀನಾದಿಂದಲ್ಲ, ಬೆಲ್ಜಿಯಂನಿಂದ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸೆ ಪಡೆದ ಮಹಿಳೆಯರ ಮೂತ್ರಪಿಂಡಗಳು ಒಂದರ ಹಿಂದೊಂದು ವಿಫಲವಾಗತೊಡಗಿದವು. ಅವರಿಗೆ ಕೊಟ್ಟ ಮಾತ್ರೆಗಳಲ್ಲಿ ‘ಫಾಂಗ್‌ಜಿ’ ಎಂಬ ಚೀನೀ ಬೇರು ಇರಬೇಕಿತ್ತು. ಆದರೆ ಅದೇ ಹೆಸರನ್ನು ಹಂಚಿಕೊಂಡ ಅರಿಸ್ಟೊಲೋಕಿಯಾ ಬೇರು ಅದರ ಜಾಗದಲ್ಲಿ ಬಂದಿತ್ತು. ವೈದ್ಯರ ಮೊದಲ ವರದಿ 1993ರಲ್ಲಿ ಪ್ರಕಟವಾಯಿತು. ಮುಂದೆ ಇಂತಹ ರೋಗಿಗಳ ಸಂಖ್ಯೆ 100 ದಾಟಿತು. ಹಲವರಿಗೆ ಡಯಾಲಿಸಿಸ್ ಇಲ್ಲವೆ ಮೂತ್ರಪಿಂಡದ ಕಸಿ ಬೇಕಾಯಿತು. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿತು.

ಚೀನಾದೊಳಗೂ ಇದೇ ಆಮ್ಲ ಬಹುಜನರ ಬಾಯಿ ಸೇರುತ್ತಿತ್ತು. ‘ಗ್ವಾನ್‌ಶಿನ್ ಸುಹೆ’ ಎಂಬುದು ಹೃದಯದ ನೋವಿಗೆ ಬಳಸುವ ಹೆಸರಾಂತ ಗುಳಿಗೆ. ಸಾಂಗ್ ರಾಜವಂಶದ ಕಾಲದ ಹಳೆಯ ಗುಳಿಗೆಯೊಂದನ್ನು ಸರಳಗೊಳಿಸಿ ಇದನ್ನು ರೂಪಿಸಲಾಗಿತ್ತು. ಹಳೆಯದರಲ್ಲಿ ಮೂಶಿಯಾಂಗ್ ಇತ್ತು. ಹೊಸದರಲ್ಲಿ ಶ್ರೀಗಂಧದ ಜೊತೆಗೆ ಹಸಿರು ಮೂಶಿಯಾಂಗ್ ಬಂದಿತ್ತು. ಎದೆನೋವಿನ ರೋಗಿಗಳು ಗುಳಿಗೆಯನ್ನು ಒಂದೆರಡು ದಿನ ನುಂಗಿ ಬಿಡುವವರಲ್ಲ. ದೀರ್ಘಕಾಲ ನುಂಗಿದವರಲ್ಲಿ ಮೂತ್ರಪಿಂಡಕ್ಕೆ ಹಾನಿಯಾದ ವರದಿಗಳು ಬಂದವು.

ಚೀನಾ ಸರ್ಕಾರ 2003 ಮತ್ತು 2004ರಲ್ಲಿ ಈ ಕುಟುಂಬದ ಮೂರು ಮುಖ್ಯ ಮದ್ದುಗಳ ಮಾನ್ಯತೆಯನ್ನು ರದ್ದುಮಾಡಿತು. ಹಸಿರು ಮೂಶಿಯಾಂಗ್ ಹೋದದ್ದು 2004ರಲ್ಲಿ. ಎದೆನೋವಿನ ಗುಳಿಗೆಯಲ್ಲಿ ಅದರ ಜಾಗಕ್ಕೆ ನಾಡ ಮೂಶಿಯಾಂಗ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅರಿಸ್ಟೊಲೋಕಿಕ್ ಆಮ್ಲವನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆನಿಸಿದ ಮೊದಲ ಗುಂಪಿಗೆ ಸೇರಿಸಿದೆ.

ಇದು ದೂರದ ಚೀನಾದ ಮಾತು ಎಂದು ಸುಮ್ಮನಿರುವಂತಿಲ್ಲ. ಹಾವು ಕಚ್ಚಿದವರಿಗೆ ನಮ್ಮ ಹಳ್ಳಿಗಳಲ್ಲಿ ತೇಯ್ದು ಕುಡಿಸುತ್ತಿದ್ದ ಈಶ್ವರಿ ಬೇರು ಇದೇ ಅರಿಸ್ಟೊಲೋಕಿಯಾ ಬಳ್ಳಿಯ ಕುಲದ್ದು. ಅದರಲ್ಲೂ ಇದೇ ಆಮ್ಲವಿದೆ.

ಬೇರಿಗೂ ಬೆಲೆ ತೆರಬೇಕು

ಹೆಸರಿನ ಬೆನ್ನು ಹತ್ತಿದ ವ್ಯಾಪಾರ ಇನ್ನೊಂದು ಕೇಡನ್ನೂ ಮಾಡಿದೆ. ನಿಜವಾದ ಮೂಶಿಯಾಂಗ್ ಹಿಮಾಲಯದಲ್ಲಿ 2,500 ಮೀಟರಿಗೂ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಎಲೆ ಕಿತ್ತರೆ ಗಿಡ ಮತ್ತೆ ಚಿಗುರೀತು. ಬೇರು ಅಗೆದರೆ ಗಿಡವೇ ಹೋಯಿತು. ಔಷಧ, ಧೂಪ, ಅತ್ತರು ಎಂದು ಮೂರು ಕಡೆಯಿಂದಲೂ ಬೇಡಿಕೆ ಬಂದು ಕಾಡಿನ ಕುಠ್ ಅಳಿವಿನಂಚಿಗೆ ಸರಿಯಿತು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದಡಿ 1975ರಲ್ಲಿ ಅದರ ಮಾರಾಟಕ್ಕೆ ನಿಯಂತ್ರಣ ಬಂತು. 1985ರಲ್ಲಿ ಅದನ್ನು ಹುಲಿ, ಆನೆಗಳಿರುವ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಏರಿಸಲಾಯಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ರಕ್ಷಣೆ ಕೊಟ್ಟಿದೆ. ಹಿಮಾಚಲದ ಲಾಹೌಲ್ ಕಣಿವೆಯ ರೈತರು ಇದನ್ನು ಹೊಲದಲ್ಲೇ ಬೆಳೆದು ತೋರಿಸಿದ್ದಾರೆ. ಕಾಡಿನ ಗಿಡ ಉಳಿಯಬೇಕಾದರೆ ಹೊಲದ ಬೆಳೆಗೆ ರೈತನಿಗೆ ನ್ಯಾಯವಾದ ಬೆಲೆ ಸಿಗಬೇಕು. ಗಂಧದ ಮರದ ಕಥೆಯನ್ನು ಬಲ್ಲ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಯನ್ನು ಅಳೆಯಬಹುದೇ?

ಚಿಯನ್ನು ತೋರಿಸುವ ಯಾವ ಉಪಕರಣವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆ 2022ರಲ್ಲಿ ಜಾರಿಗೆ ಬಂದಾಗ, ಅದರಲ್ಲಿ ಪಾರಂಪರಿಕ ವೈದ್ಯದ ಅಧ್ಯಾಯವೊಂದು ಸೇರಿತು. ‘ಚಿ ಕಟ್ಟುವಿಕೆ’ಗೂ ಅದರಲ್ಲಿ ಜಾಗ ಸಿಕ್ಕಿತು. ಆದರೆ ಅದು ಅಂಕಿಅಂಶ ಕಲೆಹಾಕಲು ಮಾಡಿದ ವ್ಯವಸ್ಥೆಯೇ ಹೊರತು ಮದ್ದು ಫಲಿಸುತ್ತದೆ ಎಂಬ ಪ್ರಮಾಣಪತ್ರವಲ್ಲ.

ಹಾಗೆಂದು ಎಲ್ಲವನ್ನೂ ಕಟ್ಟುಕಥೆ ಎಂದು ತಳ್ಳುವುದೂ ಸರಿಯಲ್ಲ. ಚಿ ಎಂಬ ವಿವರಣೆ ಬೇರೆ, ಸಿಪ್ಪೆಯ ಪರಿಣಾಮ ಬೇರೆ. ವಿವರಣೆಯನ್ನು ಒಪ್ಪದೆಯೂ ಪರಿಣಾಮವನ್ನು ಪರೀಕ್ಷಿಸಬಹುದು. ಜಪಾನಿನಲ್ಲಿ ‘ರಿಕ್ಕುನ್‌ಶಿತೊ’ ಎಂಬ ಸಾಂಪ್ರದಾಯಿಕ ಮಿಶ್ರಣವಿದೆ. ಅದರ ಎಂಟು ವಸ್ತುಗಳಲ್ಲಿ ಕಿತ್ತಳೆ ಸಿಪ್ಪೆಯೂ ಒಂದು. ಕಾರಣ ತಿಳಿಯದ ಅಜೀರ್ಣಕ್ಕೆ ಇದನ್ನು ಕೊಟ್ಟು, ಕೆಲವರಿಗೆ ಹುಸಿ ಮದ್ದನ್ನೂ ಕೊಟ್ಟು, ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಹೋಲಿಸಿ ನೋಡಿದ್ದಾರೆ. ಸಿಕ್ಕ ಫಲ ಅದ್ಭುತವಲ್ಲ, ಸಾಧಾರಣ. ಅಷ್ಟನ್ನು ಅಷ್ಟೆಂದೇ ಹೇಳುವುದು ಈ ಮದ್ದಿಗೆ ತೋರುವ ಗೌರವ.

ಚೀನೀ ಮೂಲಿಕೆಯಿರಲಿ, ನಮ್ಮ ಗ್ರಂಥಿಗೆ ಅಂಗಡಿಯ ಬೇರಿರಲಿ, ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದು ಯಾವ ಗಿಡ? ಗಿಡದ ಯಾವ ಭಾಗ? ಎಷ್ಟು ಪ್ರಮಾಣ, ಎಷ್ಟು ದಿನ? ‘ಮೂಶಿಯಾಂಗ್’ ಎಂಬ ಹೆಸರಷ್ಟೇ ಉತ್ತರವಾದರೆ ಅದು ಸಾಲದು. ರಕ್ತದೊತ್ತಡ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ತಾವು ತೆಗೆದುಕೊಳ್ಳುವ ಕಷಾಯ, ಗುಳಿಗೆಗಳನ್ನು ತಮ್ಮ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಗದರಿಸಿಯಾರು ಎಂದು ಹೇಳದೆ ಉಳಿಯುವವರೂ ಇದ್ದಾರೆ. ಬ್ರಸೆಲ್ಸ್‌ನಂತಹ ಪ್ರಕರಣಗಳಲ್ಲಿ ಕಾರಣ ಬೇಗ ಗೊತ್ತಾಗುವುದು ರೋಗಿ ಬಾಯಿ ಬಿಟ್ಟಾಗ ಮಾತ್ರ. ಊಟದ ನಂತರದ ಕಿತ್ತಳೆ ಸಿಪ್ಪೆಯ ನೀರಿಗೆ ಇಷ್ಟೆಲ್ಲ ವಿಚಾರಣೆ ಬೇಕಿಲ್ಲ. ತಿಂಗಳುಗಟ್ಟಲೆ ನುಂಗುವ ಗುಳಿಗೆಗೆ ಬೇಕು.